ಯಾವುದರ ಹಿಂದೆ ಯಾವುದು

ಹೋದ ತಿಂಗಳು ಒಂದು ಗುಂಡಿ ನನ್ನನ್ನು ಹಿಡಿದುಹಾಕಿತು.

ಅಂಗಿಯ ಗುಂಡಿಯಲ್ಲ. ಎಡ ತೋಳಿನ ಹಿಂಬದಿಗೆ ಅಂಟಿಸುವ, ನಾಣ್ಯದಷ್ಟು ಅಗಲದ ಬಿಳಿ ಗುಂಡಿ. ಸೆನ್ಸರ್ ಅನ್ನುತ್ತಾರೆ. ಅದರ ಹೊಟ್ಟೆಯಿಂದ ಕೂದಲಿನಂಥ ಒಂದು ಎಳೆ ಚರ್ಮದ ಒಳಗೆ ಇಳಿದಿರುತ್ತದೆ. ಹದಿನಾಲ್ಕು ದಿನ ಅಲ್ಲಿಯೇ ಕೂತು, ಕಾಲು ಗಂಟೆಗೊಮ್ಮೆ ನಿಮ್ಮ ಮೈಯಲ್ಲಿ ಸಕ್ಕರೆ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ನೀವು ಮಲಗಿದರೂ ಅದು ಮಲಗುವುದಿಲ್ಲ. ನೀವು ಸುಳ್ಳು ಹೇಳಿದರೆ ಎದುರು ಮಾತಾಡುವುದೂ ಇಲ್ಲ. ಸುಮ್ಮನೆ ಬರೆದುಕೊಳ್ಳುತ್ತದೆ.

ಈ ಅಂಕಣದಲ್ಲಿ ನಾನು ಹೆಚ್ಚಾಗಿ ಬೇರೆಯವರ ತಪ್ಪುಗಳ ಬಗ್ಗೆ ಬರೆಯುತ್ತೇನೆ. (ಅದು ಸುಲಭ. ವಿಷಯಕ್ಕೆ ಬರವೂ ಇಲ್ಲ.) ಈ ವಾರ ನನ್ನ ಸರದಿ.

ನನಗೆ ಎಪ್ಪತ್ತೊಂದು. ಸಕ್ಕರೆ ಕಾಯಿಲೆಗೆ ಹದಿನೈದು. ಇಷ್ಟು ವರ್ಷ ಇಬ್ಬರೂ ಹೊಂದಿಕೊಂಡೇ ಇದ್ದೆವು. ಈ ವರ್ಷದ ಆರಂಭದಿಂದ ಅದು ಮಾತು ಕೇಳುವುದನ್ನು ಬಿಟ್ಟಿತು. ಲ್ಯಾಬಿಗೆ ಹೋದಾಗಲೆಲ್ಲ ಖಾಲಿ ಹೊಟ್ಟೆಯ ಸಕ್ಕರೆ ಜಾಸ್ತಿ. ಡಾಕ್ಟರು ಗುಳಿಗೆ ಏರಿಸಿದರು. ಆದರೂ ಇಳಿಯಲಿಲ್ಲ. ಮತ್ತೆ ಏರಿಸಿದರು. ಬೆಳಗಿನ ಸಕ್ಕರೆ ಮಾತ್ರ ಹಟ ಹಿಡಿದ ಎತ್ತಿನಂತೆ ನಿಂತಲ್ಲೇ ನಿಂತಿತು.

"ಇನ್ನ ಇನ್ಸುಲಿನ್ನs ಗತಿ," ಅಂದರು ಡಾಕ್ಟರು. "ಮನ್ಯಾಗ ಪಥ್ಯ ಸರಿ ಮಾಡತೀರಿಲ್ಲೋ?"

ಇಲ್ಲಿಂದ ಶುರುವಾಯಿತು ನೋಡಿ.

ನಮ್ಮ ಮನೆಯಲ್ಲಿ ಅಡುಗೆ ಸೊಸೆಯದು. ಹೆಸರು ಸವಿತಾ. ಚಚಡಿಯ ಹುಡುಗಿ. ನನ್ನ ಪಥ್ಯವನ್ನು ಅವಳು ಮಾಡಿದಷ್ಟು ನಿಷ್ಠೆಯಿಂದ ನಾನೇ ಮಾಡಿಲ್ಲ. ಜೋಳದ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ ರೊಟ್ಟಿ ಬಡಿಯುತ್ತಿದ್ದಳು. ಅನ್ನ ಒಂದು ಸಣ್ಣ ಬಟ್ಟಲು, ಅದಕ್ಕಿಂತ ಒಂದು ಅಗಳು ಹೆಚ್ಚಿಲ್ಲ. ಚಹಾಕ್ಕೆ ಸಕ್ಕರೆಯಿಲ್ಲ. ಒಮ್ಮೆ ಅಷ್ಟೇ ಅವಳ ಬಗ್ಗೆ ಒಂದು ಮಾತು ಬಂದಿತ್ತು, ಅದೂ ಮದುವೆಯಾದ ಹೊಸತರಲ್ಲಿ. ಅವಳ ತವರಿನಲ್ಲಿ ಬೇಳೆಗೂ ಪಲ್ಯಕ್ಕೂ ಚೂರು ಬೆಲ್ಲ ಹಾಕುವ ರೂಢಿ. ಇಲ್ಲಿಯೂ ಹಾಕುತ್ತಿದ್ದಳು. ನಾವೆಲ್ಲ ಬಾಯಿ ಚಪ್ಪರಿಸಿಕೊಂಡೇ ತಿಂದವರು.

ನನ್ನ ಮಗಳು ಮಹಾದೇವಿಯನ್ನು ರಾಮದುರ್ಗಕ್ಕೆ ಕೊಟ್ಟಿದ್ದೇವೆ. ಲ್ಯಾಬಿನ ಚೀಟಿ ಕೈಯಲ್ಲಿ ಹಿಡಿದು ಅವಳೇ ಮೊದಲ ಕಲ್ಲು ಒಗೆದಳು.

"ಯಪ್ಪಾ, ಇಷ್ಟ ಗುಳಿಗಿ ನುಂಗಿದ್ರೂ ಇಳಿವಲ್ದು ಅಂದ್ರ, ಒಲಿ ಮುಂದನs ಏನೋ ನಡದೈತಿ. ನಮ್ಮ ವೈನಿ ಬ್ಯಾಳ್ಯಾಗೂ ಬೆಲ್ಲಾ, ಬದನಿಕಾಯ್ಯಾಗೂ ಬೆಲ್ಲಾ!"

ವೈನಿ, ಅಂದರೆ ಅವಳ ಅತ್ತಿಗೆ ಸವಿತಾ, ಒಳಗಿನಿಂದಲೇ ಹೇಳಿದಳು: "ಮಾವಾರದ್ದು ಬ್ಯಾರೆ ತಗದಿಟ್ಟ ಮ್ಯಾಲೆ ಹಾಕತೇನ್ರಿ. ಅವರ ತಾಟಿಗೆ ಬೆಲ್ಲ ಬಿದ್ದಿಲ್ರಿ."

"ಕೈಗೆ ಸಿಗೋಹಂಗ ಇಟ್ರ ತಾನs ಹಾಕೂದು?" ಅಂದಳು ನನ್ನ ಹೆಂಡತಿ ಶಾಂತವ್ವ. ಎದ್ದು ಹೋಗಿ ಬೆಲ್ಲದ ಡಬ್ಬಿಯನ್ನು ಎತ್ತಿಕೊಂಡು ಬಂದು ತಿಜೋರಿಯಲ್ಲಿಟ್ಟು ಕೀಲಿ ಹಾಕಿದಳು. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಗಬೇಡಿ. ಬಂಗಾರದ ಪಕ್ಕದಲ್ಲಿ ಅಚ್ಚುಬೆಲ್ಲ.

ಮಗ ಮೋಟರ್ ರಿವೈಂಡಿಂಗ್ ಅಂಗಡಿಯವನು. ಇಂಥ ಮಾತು ಬಂದಾಗ ಅವನ ಕಿವಿ ಸುಟ್ಟ ಕಾಯಿಲ್ ಇದ್ದ ಹಾಗೆ. ಏನೂ ಹರಿಯುವುದಿಲ್ಲ.

ಮತ್ತೆ ನಾನು? ನಾನು ಪೇಪರ್ ಓದುತ್ತಿದ್ದೆ.

ಸವಿತಾ ಬೆಲ್ಲದ ಚಹಾ ಕುಡಿಯುವವಳು. ದಿನಕ್ಕೆ ಎರಡೇ ಸಲ, ಆದರೆ ಬೆಲ್ಲದ್ದೇ ಆಗಬೇಕು. ಡಬ್ಬಿಗೆ ಕೀಲಿ ಬಿದ್ದ ಮರುದಿನದಿಂದ ಅವಳು ಚಹಾ ಬಿಟ್ಟಳು. ಬಿಟ್ಟೆ ಅಂತ ಯಾರಿಗೂ ಹೇಳಲಿಲ್ಲ. ಅತ್ತೆಯ ಹತ್ತಿರ ಕೀಲಿಕೈ ಕೇಳಲೂ ಇಲ್ಲ. ನನ್ನ ಸಪ್ಪೆ ಚಹಾ ತಂದು ಮುಂದಿಟ್ಟು ಹಿಂದಿರುಗುವಾಗ ಅವಳ ಕೈ ಖಾಲಿ ಇರುತ್ತಿತ್ತು. ನಾನು ಅದನ್ನು ನೋಡಿದೆ. ನಾಲ್ಕು ತಿಂಗಳು ದಿನವೂ ನೋಡಿದೆ.

ಈಗ ನಿಜ ಹೇಳುತ್ತೇನೆ.

ದಿನಾ ಬೆಳಿಗ್ಗೆ ಆರೂವರೆಗೆ ನಾನು ವಾಕಿಂಗ್ ಹೋಗುತ್ತೇನೆ. ಈ ವರ್ಷದ ಆರಂಭದಿಂದ ಹೊಸ ದಾರಿ ಹಿಡಿದಿದ್ದೆ. ಅರ್ಧ ಗಂಟೆ ನಡೆದರೆ ಊರ ಅಂಚಿನಲ್ಲಿ ಒಂದು ಮಠ. (ಹೆಸರು ಬೇಡ. ಮಠದ್ದೇನೂ ತಪ್ಪಿಲ್ಲ.) ಅಲ್ಲಿ ಬೆಳಗಿನ ಪೂಜೆ ಮುಗಿದ ಮೇಲೆ ಪ್ರಸಾದ. ವಾರದ ದಿನಗಳಲ್ಲಿ ಸಜ್ಜಕ. ರವೆ, ಬೆಲ್ಲ, ಮೇಲೆ ತುಪ್ಪ. ಸೋಮವಾರ ಗೋಧಿ ಹುಗ್ಗಿ. ಗಸಗಸೆ ಹಾಕಿದ, ಚಮಚ ನಿಲ್ಲಿಸಿದರೆ ನಿಲ್ಲುವಂಥ ಹುಗ್ಗಿ. ಪರಿಚಯದವರು ಬಡಿಸುತ್ತಾರೆ. "ಇನ್ನೊಂದೀಟ ನೀಡಲ್ರಿ?" ಅನ್ನುತ್ತಾರೆ. ಪ್ರಸಾದಕ್ಕೆ ಬೇಡ ಅನ್ನಬಾರದು ಎಂದು ನಮ್ಮವ್ವ ಕಲಿಸಿದ್ದಾಳೆ. ನಾನು ಬೇರೆ ಯಾವ ವಿಷಯದಲ್ಲೂ ಇಷ್ಟು ವಿಧೇಯ ಮಗನಲ್ಲ.

ಅಲ್ಲಿಂದ ಮನೆಗೆ. ಮನೆಯ ಹೊಸ್ತಿಲಲ್ಲಿ ಹೆಂಡತಿ ಕೇಳುತ್ತಾಳೆ: "ಹೊರಗ ಏನರ ತಿಂದ್ರೇನು?"

"ಏನೂ ತಿಂದಿಲ್ಲ."

ಲ್ಯಾಬಿಗೆ ಹೋಗುವ ದಿನ ಮಠದಿಂದ ಸೀದಾ ಅಲ್ಲಿಗೆ. ರಕ್ತ ತೆಗೆಯುವವಳು ಕೇಳುತ್ತಾಳೆ: "ಖಾಲಿ ಹೊಟ್ಟಿ ಐತಿಲ್ರಿ? ಏನೂ ತಿಂದಿಲ್ಲ?"

"ತಿಂದಿಲ್ಲವ್ವ."

ಸುಳ್ಳು ಹೇಳಿದೆನೇ? ಆಗ ಕೇಳಿದ್ದರೆ ಎದೆ ಮುಟ್ಟಿಕೊಂಡು ಇಲ್ಲ ಅನ್ನುತ್ತಿದ್ದೆ. ನಮ್ಮ ಕಡೆಯ ಮಾತು ಗಮನಿಸಿ. ಮಠದಲ್ಲಿ ಯಾರೂ "ಊಟ ಆತೇನ್ರಿ" ಎಂದು ಕೇಳುವುದಿಲ್ಲ. "ಪ್ರಸಾದ ಆತೇನ್ರಿ" ಅನ್ನುತ್ತಾರೆ. ತಿಂಡಿಯನ್ನು ತಿನ್ನುತ್ತೇವೆ, ಊಟವನ್ನು ಮಾಡುತ್ತೇವೆ, ಪ್ರಸಾದ ಮಾತ್ರ ತಾನಾಗಿ ಆಗುತ್ತದೆ. ಅದರಲ್ಲಿ ನಮ್ಮ ಕೈವಾಡ ಇರುವುದಿಲ್ಲ. (ಬಾಯಿ ಮಾತ್ರ ಇರುತ್ತದೆ.) ತಿಂದಿದ್ದರೆ ತಿಂದೆ ಎಂದು ಹೇಳುತ್ತಿದ್ದೆ. ನಾನು ತಿಂದಿರಲಿಲ್ಲ. ನನಗೆ ಪ್ರಸಾದ ಆಗಿತ್ತು.

ಒಂದು ಕ್ರಿಯಾಪದದ ಹಿಂದೆ ಇಷ್ಟು ದೊಡ್ಡ ದೇಹ ಅಡಗಿಕೊಳ್ಳಬಹುದು ಅಂತ ವ್ಯಾಕರಣದ ಮಾಸ್ತರರು ನಮಗೆ ಹೇಳಿಕೊಟ್ಟಿರಲಿಲ್ಲ.

ಈ ನಡುವೆ ಇನ್ನೊಂದಾಯಿತು. ಗುಳಿಗೆ ಏರಿಸಿದ ಮೇಲೆ ಮಧ್ಯಾಹ್ನಗಳಲ್ಲಿ ಕೈ ನಡುಗತೊಡಗಿತು. ಒಂದು ದಿನ ಅಂಗಡಿ ಸಾಲಿನಲ್ಲಿ ನಡೆಯುತ್ತಿದ್ದವನು ಬೆವತು ಕಟ್ಟೆಯೊಂದರ ಮೇಲೆ ಕೂತುಬಿಟ್ಟೆ. ಯಾರೋ ಸೋಡಾ ಕುಡಿಸಿದರು. ಡಾಕ್ಟರಿಗೆ ಹೇಳಿದಾಗ ಅವರು ಹುಬ್ಬು ಗಂಟಿಕ್ಕಿದರು. ಬೆಳಿಗ್ಗೆ ಏರುತ್ತದೆ, ಮಧ್ಯಾಹ್ನ ಕುಸಿಯುತ್ತದೆ, ಇದೇನು? ಇನ್ಸುಲಿನ್ ಶುರು ಮಾಡುವ ಮೊದಲು ಹದಿನಾಲ್ಕು ದಿನ ಈ ಸೆನ್ಸರ್ ಹಾಕಿ ನೋಡೋಣ ಅಂದರು.

ಗುಂಡಿ ಅಂಟಿತು. ಮಗನ ಹಳೆಯ ಫೋನಿನಲ್ಲಿ ಅದರ ಆಪ್ ಹಾಕಿಕೊಟ್ಟರು. ಫೋನನ್ನು ತೋಳಿನ ಹತ್ತಿರ ಹಿಡಿದರೆ ಟುಣ್ ಅಂತ ಅಂಕಿ ಬರುತ್ತದೆ. ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಫೋನ್ ಹಿಡಿದಾಗ ಮಾತ್ರ ಅದು ನೋಡುತ್ತದೆ. ಹಿಡಿಯದಿದ್ದರೆ ಕುರುಡು.

ಹೀಗೆ ತಿಳಿಯಲು ಕಾರಣವಿತ್ತು. ಓದುಗರಿಗೆ ಗೊತ್ತಿರುವಂತೆ ನಾನು ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿದ್ದವನು. ಸವದತ್ತಿ, ಕಿತ್ತೂರು, ರಾಮದುರ್ಗ ಎಲ್ಲ ಕಡೆ ಆ ಸಣ್ಣ ಕಿಟಕಿಯ ಹಿಂದೆ ಕೂತು ಗಾಡಿ ಬಂದದ್ದು ಹೋದದ್ದು ಬರೆದವನು. ಕಂಟ್ರೋಲರ್ ಚಹಾ ಕುಡಿಯಲು ಎದ್ದು ಹೋದಾಗ ಬಂದ ಗಾಡಿ ಪುಸ್ತಕದಲ್ಲಿ ಇರುವುದಿಲ್ಲ. ಪುಸ್ತಕದಲ್ಲಿ ಇಲ್ಲದ ಗಾಡಿ ಬಂದೇ ಇಲ್ಲ. ಸರಳ ಲೆಕ್ಕ.

ಹಾಗಾಗಿ ವಾಕಿಂಗಿಗೆ ಹೋಗುವಾಗ ಫೋನನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದೆ.

ಗುಂಡಿಗೆ ಎಂಟು ಗಂಟೆಯ ನೆನಪು ಇರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಮನೆಗೆ ಬಂದು ಫೋನ್ ಹಿಡಿದ ತಕ್ಷಣ, ನಾನಿಲ್ಲದಾಗ ನಡೆದದ್ದನ್ನೆಲ್ಲ ಅದು ಸದ್ದಿಲ್ಲದೆ ಒಪ್ಪಿಸುತ್ತಿತ್ತು.

ಅದೇ ಹದಿನಾಲ್ಕು ದಿನ ಸವಿತಾ ತನ್ನದೇ ಒಂದು ಕೆಲಸ ಶುರು ಮಾಡಿದ್ದಳು. ಇನ್ನೂರು ಪುಟದ ನೋಟ್ಬುಕ್ಕಿನಲ್ಲಿ ನಾನು ತಿಂದದ್ದನ್ನೆಲ್ಲ ಬರೆದಿಡುವುದು. ಆಸ್ಪತ್ರೆಯವರು ಹೇಳಿದ್ದರು ನಿಜ. ಆದರೆ ಅವಳು ಬರೆದ ರೀತಿ ಬೇರೆ. "6.30 ಮಾವಾರು ವಾಕಿಂಗ್. 8.20 ಚಹಾ, ಸಕ್ಕರೆ ಇಲ್ಲ. 8.50 ಉಪ್ಪಿಟ್ಟು, ಒಂದು ಬಟ್ಟಲು. 1.30 ರೊಟ್ಟಿ ಎರಡು, ಮೆಂತ್ಯ ಪಲ್ಯ, ಬೆಲ್ಲ ಹಾಕಿಲ್ಲ." ಪುಟಪುಟದಲ್ಲೂ "ಬೆಲ್ಲ ಹಾಕಿಲ್ಲ". ಅದು ಅಡುಗೆಯ ಪಟ್ಟಿಯಾಗಿರಲಿಲ್ಲ. ಸಾಕ್ಷಿ ಹೇಳಿಕೆಯಾಗಿತ್ತು.

ಹದಿನೈದನೆಯ ದಿನ ಮೂವರೂ ಆಸ್ಪತ್ರೆಗೆ ಹೋದೆವು. ನಾನು, ಹೆಂಡತಿ, ನೋಟ್ಬುಕ್ ಎದೆಗೆ ಹಿಡಿದ ಸವಿತಾ.

ಅಲ್ಲಿ ಪಥ್ಯದ ಬಗ್ಗೆ ಹೇಳುವ ಡಯಟಿಷಿಯನ್ ಒಬ್ಬಳಿದ್ದಾಳೆ. ಪ್ರಜ್ಞಾ ಅಂತ, ಸವದತ್ತಿಯ ಹುಡುಗಿ. ಫೋನಿನಲ್ಲಿದ್ದುದನ್ನು ಕಂಪ್ಯೂಟರಿಗೆ ಎಳೆದುಕೊಂಡಳು. ಪರದೆಯ ತುಂಬ ಒಂದು ಗೆರೆ. ಎಲ್ಲಿಯೂ ಕಡಿಯದ, ಉದ್ದಾನುದ್ದ ಹರಿಯುವ ಗೆರೆ. ಮಲಪ್ರಭೆಯನ್ನು ಮೇಲಿನಿಂದ ನೋಡಿದ ಹಾಗೆ.

"ಇದರಾಗ ಏನ ಹುಡುಕತೀ ತಂಗೀ?" ಅಂದೆ. "ಸಾವಿರ ಅಂಕಿ ಅದಾವು."

"ಅಂಕಿ ನೋಡಿದ್ರ ತಿಳಿಯೂದಿಲ್ರಿ ಅಜ್ಜಾರ. ಯಾವುದರ ಹಿಂದ ಯಾವುದು ಬರತೈತಿ ಅನ್ನೂದ ನೋಡಬೇಕ."

ಆ ಮಾತು ನನಗೆ ಇಷ್ಟವಾಯಿತು. ಯಾಕೆಂದರೆ ಅದು ನನ್ನ ಕಸುಬಿನ ಮಾತು. ಬಸ್ ನಿಲ್ದಾಣ ಅಂದರೇನು? ನಿಲ್ಲದ ಹೊಳೆ. ಗಾಡಿ ಬರುತ್ತವೆ, ಹೋಗುತ್ತವೆ. ಒಂದೊಂದನ್ನೇ ನೋಡಿದರೆ ಏನೂ ಇಲ್ಲ. ಆದರೆ ರಾಮದುರ್ಗದ ಗಾಡಿ ಲೇಟು. ಅದರ ಹಿಂದೆ ಕಟಕೋಳದ ಗಾಡಿ ಬಾಗಿಲಿಗೆ ಜನ ಜೋತುಬಿದ್ದು ಬಂತು. ಅದರ ಹಿಂದೆ ಬಂದದ್ದರ ಗಾಲಿಗೆ ಹಸಿ ಎರೆಮಣ್ಣು. ಯಾರೂ ಹೇಳುವ ಮೊದಲೇ ನಾನು ಹೇಳುತ್ತಿದ್ದೆ, ಎಲ್ಲೋ ಹಳ್ಳ ತುಂಬಿ ಬಂದಿದೆ ಎಂದು. ಒಂದು ಗಾಡಿ ಲೇಟಾದರೆ ಅದು ಡ್ರೈವರನ ಹಣೆಬರಹ. ಮೂರು ಗಾಡಿ ಒಂದೇ ಸಾಲಿನಲ್ಲಿ ಹೇಳಿದರೆ ಅದು ಸುದ್ದಿ. ಈ ಜಾಣತನಕ್ಕೆ ನಿಲ್ದಾಣದ ಪೋರ್ಟರುಗಳೆಲ್ಲ ನನಗೆ ಸಲಾಂ ಹೊಡೆಯುತ್ತಿದ್ದರು.

ಇದನ್ನೆಲ್ಲ ಪ್ರಜ್ಞಾಳಿಗೆ ಹೆಮ್ಮೆಯಿಂದ ಹೇಳಿದೆ ಬೇರೆ!

"ಹಂಗಾದ್ರ ನೀವs ನೋಡ್ರಿ," ಅಂತ ನಗುತ್ತಾ ಆ ಉದ್ದ ಗೆರೆಯನ್ನು ದಿನದಿನಕ್ಕೆ ಕತ್ತರಿಸಿ ಒಂದರ ಮೇಲೊಂದು ಇಟ್ಟಳು. ಹದಿಮೂರು ಬೆಳಗು. "ರಾತ್ರಿ ಪೂರ್ತಿ ಸಪಾಟ. ಆರೂವರಿಗೆ ಸ್ವಲ್ಪ ಇಳೀತೈತಿ, ಅದು ನಿಮ್ಮ ನಡಗಿ. ಆಮ್ಯಾಲೆ ಒಂದೀಟ ಸುಮ್ಮನ, ಎಲ್ಲೋ ಕುಂತೀರಿ. ಆಮ್ಯಾಲೆ ನೋಡ್ರಿ, ಗುಡ್ಡ! ಇಳಿತ, ಸಪಾಟ, ಗುಡ್ಡ. ಮರುದಿನಾನೂ ಇಳಿತ, ಸಪಾಟ, ಗುಡ್ಡ. ಒಂದ ಸಲ ಬಂದ್ರ ಏನೋ ಆಗಿರತೈತಿ ಅನ್ನಬಹುದು. ಹನ್ನೊಂದ ಬೆಳಗು ಅದs ಸಾಲು. ಎರಡs ದಿನ ಗುಡ್ಡ ಇಲ್ಲ."

ಆ ಎರಡು ದಿನ ಯಾವುವು ಎಂದು ಸವಿತಾ ನೋಟ್ಬುಕ್ ತಿರುವಿದಳು. ಒಂದು ದಿನ ಮಳೆ. ಇನ್ನೊಂದು ದಿನ ನನ್ನ ಮೊಣಕಾಲು ನೋವು. ಎರಡೂ ದಿನ ನಾನು ವಾಕಿಂಗಿಗೆ ಹೋಗಿರಲಿಲ್ಲ.

ಪ್ರಜ್ಞಾ ಆ ನೋಟ್ಬುಕ್ಕನ್ನು ಪರದೆಯ ಪಕ್ಕ ಹಿಡಿದಳು. "ಅಕ್ಕಾರ, ನೀವು ಮೊದಲನೇ ಚಹಾ ಕೊಡೂದು ಎಂಟೂ ಇಪ್ಪತ್ತಕ್ಕ. ಗುಡ್ಡ ಏರೂದು ಏಳೂವರಿಗೆ. ಗುಡ್ಡ ಮೊದಲ, ನಿಮ್ಮ ಒಲಿ ಆಮ್ಯಾಲೆ. ಹಿಂದಿಂದ ಬಂದದ್ದು ಮುಂದಿಂದಕ್ಕ ಕಾರಣ ಆಗಾಕ ಬರೂದಿಲ್ಲ."

ಸವಿತಾ ಅತ್ತೆಯ ಕಡೆ ತಿರುಗಿ ನೋಡಿದಳು.

"ರಾತ್ರಿ ಉಂಡದ್ದು ಮುಂಜಾನೆ ಏರತೈತಿ ಬಿಡವಾ," ಅಂದಳು ನನ್ನ ಹೆಂಡತಿ. "ಮಷಿನ್ನಿಗೇನ ತಿಳೀತೈತಿ."

"ರಾತ್ರಿ ಗೆರಿ ಮಲಗೇತ್ರಿ ಅಜ್ಜಿ. ನಿಮಗಿಂತ ಛಲೋ ಮಲಗೇತಿ." ಪ್ರಜ್ಞಾ ನನ್ನ ಕಡೆ ತಿರುಗಿದಳು. "ಅಜ್ಜಾರ, ವಾಕಿಂಗ್ ಹೋಗಿ ಎಲ್ಲೆ ಕುಂದ್ರತೀರಿ? ಏನರ ತಿಂತೀರೇನು?"

"ಏನೂ ತಿನ್ನೂದಿಲ್ಲವ್ವ."

ಅವಳು ತುಸು ಯೋಚಿಸಿದಳು. "ಒಬ್ಬೊಬ್ಬರಿಗೆ ನಸುಕಿನ್ಯಾಗ ಲಿವರ್ ತಾನs ಸಕ್ಕರಿ ಬಿಡತೈತಿ. ಹಂಗೂ ಇರತೈತಿ ಖರೆ."

ಆಹಾ! ಬಾಗಿಲು ತೆರೆಯಿತು. "ಹೌದು ನೋಡು! ನಂದೂ ಅದs ಇರಬೇಕ. ನಮ್ಮಪ್ಪಗೂ ಲಿವರ್ ತ್ರಾಸಿತ್ತು," ಅಂದೆ. (ನಮ್ಮಪ್ಪ ಸತ್ತದ್ದು ಹಾವು ಕಚ್ಚಿ.)

ಪ್ರಜ್ಞಾ ಪರದೆಯ ಮೇಲೆ ಬೆರಳಿಟ್ಟಳು. ಹದಿಮೂರು ಬೆಳಗಿನಲ್ಲಿ ಎರಡು ಗುಡ್ಡ ಉಳಿದವಕ್ಕಿಂತ ಎತ್ತರ. ಎರಡೂ ಸೋಮವಾರ.

"ಲಿವರಿಗೆ ಸೋಮವಾರ ಗೊತ್ತಿರೂದಿಲ್ರಿ ಅಜ್ಜಾರ," ಅಂದಳು.

ನನ್ನ ಹೆಂಡತಿಗೆ ಅದು ಹೊಳೆಯಲಿಲ್ಲ. ಮಂಡಿ ನೋವಿನಿಂದ ಅವಳು ಮಠಕ್ಕೆ ಹೋಗುವುದು ಬಿಟ್ಟು ವರ್ಷಗಳಾದವು. ಆದರೆ ಸವಿತಾ ತಲೆ ಎತ್ತಿ ನನ್ನ ಮುಖ ನೋಡಿದಳು. ಸೋಮವಾರ ಆ ಮಠದಲ್ಲಿ ಹುಗ್ಗಿ ಎಂಬುದು ಓಣಿಗೆಲ್ಲ ಗೊತ್ತಿರುವ ಸಂಗತಿ.

ಆಗ ಹೇಳಬಹುದಾಗಿತ್ತು. ಮೂರು ಹೆಂಗಸರು, ಒಂದು ಕೋಣೆ, ಒಂದೇ ವಾಕ್ಯ. ಪ್ರಜ್ಞಾ ಎಚ್ಚರಿಕೆಯನ್ನೂ ಕೊಟ್ಟಳು: "ಈ ಗುಡ್ಡ ನೋಡಿ ಗುಳಿಗಿ ಏರಸತಾರ, ಅದು ಮಧ್ಯಾಹ್ನ ನಿಮ್ಮನ್ನ ಕೆಡವತೈತಿ. ಇನ್ನೊಂದ ಸಲ ಏರಿಸಿದ್ರ ರಸ್ತಾದಾಗ ಎಲ್ಲೆರ ಬೀಳತೀರಿ." ಸವಿತಾ ಕಾಯುತ್ತಿದ್ದಳು. ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.

ನಾನು ಕೆಮ್ಮಿದೆ. ನೀರು ಕೇಳಿದೆ. ಹೇಳಲಿಲ್ಲ.

ಬೆರಳು ಚುಚ್ಚಿ ನೋಡುವ ಸಣ್ಣ ಮಷಿನ್ ಕೊಂಡು, ಒಂದು ವಾರ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದ ಮೇಲೆ ನೋಡಿ ಬರೆಯಿರಿ ಎಂಬ ಸಲಹೆ ಹೊತ್ತು ಮನೆಗೆ ಬಂದೆವು. ಸವಿತಾ ನೋಟ್ಬುಕ್ಕನ್ನು ನನ್ನ ಮಂಚದ ಮೇಲೆ ಇಟ್ಟಳು. "ಮಾವಾರ, ಇನ್ನ ನೀವs ಬರೀರಿ. ನಂದು ಬರಿಯೂದು ಮುಗೀತು."

ಆ ಮಧ್ಯಾಹ್ನ ಮಂಚದ ಮೇಲೆ ಬಿದ್ದುಕೊಂಡು ಯೋಚಿಸಿದೆ. ಹದಿನಾಲ್ಕು ದಿನದಲ್ಲಿ ನನ್ನ ಹೊಟ್ಟೆಯ ಗುಟ್ಟು ಬಯಲಾಯಿತು. ಎಪ್ಪತ್ತೊಂದು ವರ್ಷಕ್ಕೆ ಇಂಥದೊಂದು ಗುಂಡಿ ಅಂಟಿಸಿದ್ದರೆ? ಬಾಳೂ ಕಡಿಯದ ಗೆರೆಯೇ ಅಲ್ಲವೇ? ಅದನ್ನು ಕತ್ತರಿಸಿ ಒಂದರ ಮೇಲೊಂದು ಇಟ್ಟರೆ ಯಾವ ಸಾಲು ಕಾಣುತ್ತದೆ?

ಬಹಳ ಹುಡುಕಬೇಕಾಗಲಿಲ್ಲ.

ಒಂದು ನಿಲ್ದಾಣ. (ಊರು ಬೇಡ.) ನಾನು ಚಹಾಕ್ಕೆ ಎದ್ದು ಹೋದಾಗ ಒಂದು ಗಾಡಿ ಸರಿಯಾದ ವೇಳೆಗೆ ಬಂದು ನಿಂತಿತ್ತು. ನಾನು ಮರಳಿ ಬಂದು ಕೂತ ವೇಳೆಯನ್ನೇ ಅದು ಬಂದ ವೇಳೆ ಅಂತ ಬರೆದೆ. ಇಪ್ಪತ್ತೈದು ನಿಮಿಷ ಲೇಟು. ಡ್ರೈವರನಿಗೆ ಮೆಮೊ ಬಂತು. ಅವನು ಕಿಟಕಿಯ ಮುಂದೆ ನಿಂತು, "ಸಾಹೇಬ್ರ, ಆವತ್ತ ನಾ ಟೈಮಿಗೆ ಬಂದಿದ್ನಿಲ್ರಿ?" ಅಂದ. ನಾನು ತಲೆ ಎತ್ತದೆ ಬರೆಯುತ್ತಲೇ ಇದ್ದೆ. ತುಸು ಹೊತ್ತು ನಿಂತು ಅವನು ಹೋದ. ಆಮೇಲೆ ಎಂದೂ ಕೇಳಲಿಲ್ಲ, ಎಂದೂ ನನಗೆ ನಮಸ್ಕಾರ ಮಾಡಲಿಲ್ಲ.

ಹೈಸ್ಕೂಲಿನಲ್ಲಿ ಹೀಗೇ ಒಂದು. ನನ್ನ ತಮ್ಮನ ವಿಷಯದಲ್ಲಿ ಇನ್ನೊಂದು, ಅದನ್ನು ಬರೆಯುವ ಧೈರ್ಯ ಇನ್ನೂ ಇಲ್ಲ. ಊರು ಬೇರೆ, ವಯಸ್ಸು ಬೇರೆ. ಸಾಲು ಮಾತ್ರ ಅದೇ. ಮೊದಲು ನನ್ನದೊಂದು ತಪ್ಪು. ಅದರ ಹಿಂದೆ ನನ್ನ ಮೌನ. ಅದರ ಹಿಂದೆ ಹತ್ತಿರದಲ್ಲಿದ್ದವರ ತಗ್ಗಿದ ತಲೆ.

ಒಂದು ಸಲವಾಗಿದ್ದರೆ ಹಣೆಬರಹ ಅನ್ನಬಹುದಿತ್ತು.

ಇಷ್ಟು ತಿಳಿದ ಮೇಲೆ ಏನು ಮಾಡಿದೆ? ಎದ್ದು ಹೋಗಿ ಒಪ್ಪಿಕೊಂಡೆನೇ? ಇಲ್ಲ. ಜಾಣ ದಾರಿ ಹಿಡಿದೆ. ಮಠದ ಕಡೆ ಹೋಗುವುದನ್ನು ನಿಲ್ಲಿಸಿ, ಬೇರೆ ರಸ್ತೆಯಲ್ಲಿ ವಾಕಿಂಗ್ ಮಾಡಿದೆ. ತಿನ್ನುವುದನ್ನು ಬಿಟ್ಟರಾಯಿತು, ಸಕ್ಕರೆ ಇಳಿಯುತ್ತದೆ, ಮಾತು ತಾನೇ ತಣ್ಣಗಾಗುತ್ತದೆ. ಹೇಳುವುದು ಯಾಕೆ?

ಸಕ್ಕರೆ ಇಳಿಯಿತು. ನಾಲ್ಕೇ ದಿನದಲ್ಲಿ ಬೆಳಗಿನ ಅಂಕಿ ಲಕ್ಷಣವಾಗಿ ಕೆಳಗೆ ಬಂತು.

ಭಾನುವಾರ ಮಹಾದೇವಿ ಬಂದಳು. ಅಂಕಿ ನೋಡಿದಳು. ಹುಬ್ಬು ಕುಣಿಸಿದಳು. "ನೋಡವಾ ಯವ್ವಾ! ದವಾಖಾನ್ಯಾಗ ಎಲ್ಲಾ ತಗದ ತೋರಿಸಿದ ಕೂಡ್ಲೇ ವೈನಿ ಕೈ ಬಿಗಿ ಆತು. ಬೆಲ್ಲಕ್ಕ ಕೀಲಿ ಬಿದ್ರೇನಾತು, ಸಕ್ಕರಿ ಡಬ್ಬಿ ಹೊರಗs ಇತ್ತಲ್ಲ. ಸಿಕ್ಕ ಬಿದ್ದ ಮ್ಯಾಲೆ ಇಳಿದೈತಿ. ಇದಕ್ಕಿಂತ ಪುರಾವಾ ಬೇಕೇನು?"

"ನಾನೂ ಅದನ್ನs ಅಂದ್ಕೊಂಡೆ," ಅಂದಳು ಹೆಂಡತಿ.

ಗಮನಿಸಿದಿರಾ? ಅವರೂ ಯಾವುದರ ಹಿಂದೆ ಯಾವುದು ಬಂತು ಎಂದೇ ನೋಡುತ್ತಿದ್ದರು. ನಾನು ಗುಟ್ಟಾಗಿ ತಿದ್ದಿಕೊಂಡದ್ದೇ ಸವಿತಾಳ ಮೇಲಿನ ಕೊನೆಯ ಸಾಕ್ಷಿಯಾಗಿ ಕೂತಿತು. ತಪ್ಪು ಮಾಡುವಾಗ ಅವಳ ಮೇಲೆ ಹಾಕಿದೆ. ತಪ್ಪು ಬಿಡುವಾಗಲೂ ಅವಳ ಮೇಲೆಯೇ ಹಾಕಿದೆ.

ಸವಿತಾ ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಂತಿತು. ಮತ್ತೆ ಶುರುವಾಯಿತು.

"ಮಹಾದೇವಿ, ಸಾಕ," ಅಂದೆ. ಪೇಪರ್ ಮಡಿಸಿದೆ. "ಬೆಲ್ಲ ತಿಂದಾಂವ ನಾನು."

"ಏನಂದಿ?"

"ದಿನಾ ಮಠದಾಗ. ಸಜ್ಜಕ. ಸೋಮವಾರ ಹುಗ್ಗಿ, ಎರಡ ಸಲ ನೀಡಿಸ್ಕೊಂಡ. ಲ್ಯಾಬಿಗೆ ಹೋಗೂ ದಿನಾನೂ ತಿಂದs ಹೋಗೇನಿ. ನಾಲ್ಕ ದಿನ ಆತು, ಬಿಟ್ಟೇನಿ. ಅದಕ್ಕ ಇಳಿದೈತಿ. ಸವಿತಾ ಒಂದ ಚೂರೂ ಹಾಕಿಲ್ಲ."

ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ದಿನಾ ಹೊಸ್ತಲದಾಗ ಕೇಳ್ತಿದ್ನೆಲ್ಲಾ? ಏನೂ ತಿಂದಿಲ್ಲ ಅಂತಿದ್ರಿ!"

"ಅದು ಪ್ರಸಾದ..."

"ಪ್ರಸಾದ!" ಅಂದಳು. "ದೇವರೇನ ನಿಮ್ಮ ಹೊಟ್ಟ್ಯಾಗ ಬಂದು ತಾನs ಅರಗಿಸ್ಕೊಂಡ ಹೊಕ್ಕಾನೇನು? ಅಲ್ರೀ, ಆ ಹುಡುಗಿ ನಾಲ್ಕ ತಿಂಗಳ..." ಮಾತು ಮುಗಿಸಲಿಲ್ಲ. ಸೊಂಟದಿಂದ ಕೀಲಿಕೈ ತೆಗೆದಳು. ಅಡುಗೆ ಮನೆಗೆ ಹೋಗಿ ಸವಿತಾಳ ಪಕ್ಕದ ಕಟ್ಟೆಯ ಮೇಲೆ ಇಟ್ಟಳು.

"ತಗೋವಾ."

"ಅಲ್ಲೇ ಇರ್ಲಿ ಬಿಡ್ರಿ ಅತ್ತಿಯಾರ," ಅಂದಳು ಸವಿತಾ. "ನಾ ಕೀಲಿಕೈ ಕೇಳಿದ್ದಿಲ್ಲ." ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದ ಮೇಲೆ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ಮಾವಾರ, ಆವತ್ತ ದವಾಖಾನ್ಯಾಗ ನಿಮ್ಮ ಮಾರಿ ನೋಡಿದ್ನಿ. ಈಗ ಹೇಳತಾರ, ಈಗ ಹೇಳತಾರ ಅಂತ ಕುಂತಿದ್ನಿ. ಬಸ್ಸಿಗೆ ಕುಂತಂಗ."

ನಾನು ಕೈ ಮುಗಿದೆ. ನಮ್ಮ ಕಡೆ ಮಾವ ಸೊಸೆಗೆ ಕೈ ಮುಗಿಯುವ ಪದ್ಧತಿ ಇಲ್ಲ. "ಛೇ, ಬಿಡ್ರಿ," ಅಂತ ಮುಖ ತಿರುಗಿಸಿದಳು.

ಮಹಾದೇವಿ ಹೋಗುವಾಗ "ವೈನಿ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಅಂದಳು. ಡಾಕ್ಟರ ಮುಂದೆಯೂ ಒಪ್ಪಿಕೊಂಡೆ. ಅವರು ನಕ್ಕು, ಬಯ್ದು, ಗುಳಿಗೆ ಇಳಿಸಿದರು. ಇನ್ಸುಲಿನ್ ಮಾತು ಸದ್ಯಕ್ಕೆ ಮುಗಿದಿದೆ. ಮಠಕ್ಕೆ ಈಗಲೂ ಹೋಗುತ್ತೇನೆ. ಪ್ರಸಾದವನ್ನು ಉಗುರಿನಷ್ಟು ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತೇನೆ. ಮನೆಗೆ ಬಂದು "ಉಗುರಿನಷ್ಟು ತಿಂದೆ" ಎಂದು ಹೇಳುತ್ತೇನೆ. ತಿಂದೆ ಎಂಬ ಕ್ರಿಯಾಪದ ಬಳಸಿಯೇ ಹೇಳುತ್ತೇನೆ.

ಸವಿತಾ ಈಗ ಚಹಾ ಕುಡಿಯುತ್ತಾಳೆ. ಬೆಲ್ಲ ಹಾಕಿಕೊಳ್ಳುವುದಿಲ್ಲ. "ರೂಢಿ ತಪ್ಪೈತ್ರಿ," ಅನ್ನುತ್ತಾಳೆ.

ಎಲ್ಲ ಸರಿಹೋಯಿತು ಎಂದು ಬರೆದು ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವವನೂ ಇದ್ದೆ.

ಮೊನ್ನೆ ಗುರುವಾರ ಸಂಜೆ ಸವಿತಾ ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಎಂದು ನನಗೆ ಹೇಳಿ, ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದಳು. ನಾನು ಕೂತಿದ್ದೆ. ಕಣ್ಣು ಹಾಲಿನ ಮೇಲಿತ್ತು, ಮನಸ್ಸು ಎಲ್ಲಿತ್ತೋ. ಹಾಲು ಉಕ್ಕಿ ಒಲೆ ತುಂಬ ಹರಿಯಿತು. ಅದೇ ಹೊತ್ತಿಗೆ ಪಕ್ಕದ ಮನೆಯಿಂದ ಬಂದ ಹೆಂಡತಿ ಬಾಗಿಲಲ್ಲಿ ಮೂಗು ಮುಚ್ಚಿಕೊಂಡಳು. "ಅಯ್ಯs, ಹಾಲ ಹೊತ್ತಿದ ವಾಸನಿ!"

ಅಷ್ಟೇ ಅಂದಳು. ಯಾರ ಹೆಸರನ್ನೂ ಎತ್ತಲಿಲ್ಲ.

ಮಾಳಿಗೆಯ ಮೇಲಿನಿಂದ ದನಿ ಬಂತು: "ನಾ ಅಲ್ರೀ ಅತ್ತಿಯಾರ! ನಾ ಇಲ್ಲೆ ಮ್ಯಾಲ ಅದೇನ್ರಿ!"

"ನಾನು! ಉಕ್ಕಿಸಿದಾಂವ ನಾನು!" ಎಂದು ಕೂಗಿದೆ. ಈ ಸಲ ತಡ ಮಾಡಲಿಲ್ಲ. ಆದರೂ ಅವಳ ಮಾತು ನನ್ನ ಮಾತಿಗಿಂತ ಮೊದಲೇ ಬಂದಿತ್ತು.

ಯಾರೂ ಬೆರಳು ತೋರಿಸುವ ಮೊದಲೇ "ನಾ ಅಲ್ರಿ" ಅನ್ನುವುದನ್ನು ಒಬ್ಬ ಹೆಣ್ಣುಮಗಳು ಎಂಥ ಮನೆಯಲ್ಲಿ ಕಲಿಯುತ್ತಾಳೆ?